ಗಂಗಾಧರಯ್ಯನವರ ಗುಟ್ಟಿನ ಸ್ವಿಚ್ಚು

ಕುಮಾರಸ್ವಾಮಿ ಲೇಔಟಿನ ಗಂಗಾಧರಯ್ಯನವರ ಕಾರನ್ನು ಕದಿಯಬೇಕೆಂದು ಯಾವ ಕಳ್ಳನೂ ಹರಕೆ ಹೊತ್ತಿರಲಿಲ್ಲ. ಹನ್ನೆರಡು ವರ್ಷದ ಬಿಳಿ ಕಾರು, ಎಡಗಡೆ ಬಾಗಿಲು ನೆಗ್ಗಿದೆ, ಹಿಂದಿನ ಸೀಟಿನಲ್ಲಿ ಯಾವುದೋ ಮದುವೆಯ ಸಾಂಬಾರು ಚೆಲ್ಲಿದ ವಾಸನೆ ಇನ್ನೂ ಹೋಗಿಲ್ಲ. ಆದರೂ ಪಕ್ಕದ ರಸ್ತೆಯ ಮುನಿಯಣ್ಣನವರ ಹೊಚ್ಚ ಹೊಸ ಗಾಡಿ ಗೇಟಿನ ಮುಂದಿನಿಂದಲೇ ಮಾಯವಾದದ್ದೇ ತಡ, ಮುಂದಿನ ಸರದಿ ತಮ್ಮದೇ ಎಂದು ಇವರು ತೀರ್ಮಾನಿಸಿಬಿಟ್ಟರು. ಬೆಂಗಳೂರಿನ ಕಳ್ಳರಿಗೆ ಬೇರೆ ಕೆಲಸವೇ ಇಲ್ಲ ನೋಡಿ!

ತಿಲಕ್ ನಗರದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ಪ್ರಮೋದ, ಸ್ಟೀರಿಂಗ್ ಕೆಳಗೆ, ಬಾನೆಟ್ ತೆಗೆಯುವ ಹಿಡಿಯ ಹಿಂದೆ, ಕಡಲೆಕಾಯಿ ಗಾತ್ರದ ಸ್ವಿಚ್ಚೊಂದನ್ನು ಕೂರಿಸಿಕೊಟ್ಟ.

"ಇದು ಆಫ್ ಇದ್ರೆ ಇಂಜಿನ್ನಿಗೆ ಪೆಟ್ರೋಲ್ ಹೋಗಲ್ಲ ಸಾರ್. ಕೀ ತಿರುಗಿಸಿದ್ರೆ ಕರ್ ಕರ್ ಅನ್ನುತ್ತೆ ಅಷ್ಟೆ, ಸ್ಟಾರ್ಟ್ ಆಗಲ್ಲ. ಮನೇಲಿ ಮೇಡಂಗೊಂದು ತೋರ್ಸಿಬಿಡಿ."

"ಹೆಂಗಸರಿಗೆ ಹೇಳಿದ್ರೆ ಅದು ಗುಟ್ಟೇನಯ್ಯಾ?" ಎಂದು ನಕ್ಕು ಮನೆಗೆ ಬಂದರು.

ಅದೇ ತಿಂಗಳು ಅವರ ಹೆಂಡತಿ ಮಂಗಮ್ಮ, ಐವತ್ತೆರಡನೇ ವಯಸ್ಸಿನಲ್ಲಿ, ಬನಶಂಕರಿಯ ಡ್ರೈವಿಂಗ್ ಸ್ಕೂಲಿನ ಕಲಿಕೆ ಮುಗಿಸಿ ಮೊದಲನೇ ಸಲಕ್ಕೇ ಲೈಸೆನ್ಸ್ ತಂದರು. ಗಂಗಾಧರಯ್ಯನವರಿಗೆ ಸಿಕ್ಕಿದ್ದು ಮೂರನೇ ಸಲಕ್ಕೆ. ಆ ಮಾತು ಈಗ್ಯಾಕೆ ಬಿಡಿ. ಅವರು ಅಂಗಳದಲ್ಲಿ ನಿಂತು, ಮೇಲಿನ ಬಾಡಿಗೆ ಮನೆಗಳಿಗೆಲ್ಲ ಕೇಳುವ ಹಾಗೆ, "ತಗೋ ಕೀ! ಯಾವಾಗ ಬೇಕಾದ್ರೂ ಓಡ್ಸು. ನಾನೇನು ಹಳೇ ಕಾಲದ ಗಂಡನಾ?" ಎಂದರು. ಎಂಥಾ ದೊಡ್ಡ ಮನಸ್ಸು!

ಮಂಗಮ್ಮ ಕೈಮುಗಿದು ಕೂತು ಕೀ ತಿರುಗಿಸಿದರು. ಕರ್ ಕರ್ ಕರ್. ಮತ್ತೆ ತಿರುಗಿಸಿದರು. ಮತ್ತೆ ಅದೇ. ಗಂಗಾಧರಯ್ಯನವರಿಗೆ ಸ್ವಿಚ್ಚಿನ ನೆನಪಾಯಿತು. ಆದರೆ ಮೇಲಿನ ಮನೆಯ ಮೈತ್ರೇಯಿ ಬಾಲ್ಕನಿಯಿಂದ ನೋಡುತ್ತಿದ್ದಳು. ಬಾಡಿಗೆಯವರ ಮುಂದೆ ಗುಟ್ಟು ಬಿಡುವುದುಂಟೇ? "ಇಳಿ, ನಾನ್ ನೋಡ್ತೀನಿ" ಎಂದು ತಾವೇ ಕೂತು, ಕಾಲು ತುರಿಸಿಕೊಳ್ಳುವವರ ಹಾಗೆ ಬಗ್ಗಿ ಸ್ವಿಚ್ಚು ಒತ್ತಿ, ಒಂದೇ ಏಟಿಗೆ ಸ್ಟಾರ್ಟ್ ಮಾಡಿ ತೋರಿಸಿದರು. ಇಳಿಯುವಾಗ ಮತ್ತೆ ಹಾಗೇ ಬಗ್ಗಿ ಸ್ವಿಚ್ಚು ಆಫ್ ಮಾಡಲು ಮರೆಯಲಿಲ್ಲ.

"ಗಾಡಿಗೂ ಕೈಗುಣ ಬೇಕು ಕಣೇ. ನಿನ್ನ ಕೈ ಇದಕ್ಕೆ ಆಗಿಬರಲ್ಲ."

ಬಾಯಿಗೆ ಬಂದ ಸುಳ್ಳು, ಅಷ್ಟೆ. ಊಟದ ಹೊತ್ತಿಗೆ ನಿಜ ಹೇಳೋಣವೆಂದೇ ಅಡುಗೆಮನೆಗೆ ಹೋದರು. ಮಂಗಮ್ಮ ಬಿಸಿ ಅಕ್ಕಿರೊಟ್ಟಿ ಹಾಕುತ್ತಾ, "ನಿಮ್ಮ ಕೈಗೆ ಹೆಂಗೆ ಬಗ್ಗುತ್ತೆ ನೋಡ್ರೀ ಅದು!" ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಹೊಗಳಿಕೆ ಅವರ ಕಿವಿಗೆ ಬಿದ್ದಿರಲೇ ಇಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಆ ನಾಳೆ ಮೂರು ತಿಂಗಳಾದರೂ ಬರಲಿಲ್ಲ. ಮಂಗಮ್ಮ ವಾರಕ್ಕೊಮ್ಮೆ ಕೂತು ನೋಡಿದರು, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಕೀ ಮುಟ್ಟುವುದನ್ನೇ ಬಿಟ್ಟರು. ಮಿಕ್ಸಿ ಕೆಟ್ಟರೂ "ನನ್ನ ಕೈಯೇ ಸರಿಯಿಲ್ಲ" ಅನ್ನತೊಡಗಿದರು. ಮೈತ್ರೇಯಿ ಹೊಸದಾಗಿ ಟೈಲರಿಂಗ್ ಅಂಗಡಿ ಇಟ್ಟು, "ಆಂಟಿ, ನೀವೇ ಬಂದು ದೀಪ ಹಚ್ಚಬೇಕು" ಎಂದಾಗ, "ಬೇಡಮ್ಮ, ನನ್ನ ಕೈ ಒಳ್ಳೇದಲ್ಲ, ಬೇರೆ ಯಾರನ್ನಾದ್ರೂ ಕರಿ" ಎಂದು ಕಣ್ಣು ತಪ್ಪಿಸಿದರು. ಸೋಫಾದಲ್ಲಿದ್ದ ಗಂಗಾಧರಯ್ಯನವರಿಗೆ ಎಲ್ಲವೂ ಕೇಳಿಸಿತು. ಹೇಳಿಬಿಡಬೇಕಿತ್ತು. ಅವರು ಪೇಪರಿನ ಹಾಳೆ ತಿರುವಿದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಗಂಗಾಧರಯ್ಯನವರು ಹೊಲ ಉತ್ತ ಮನೆತನದವರು. ಹೊಲ ಹೋಗಿ ಬಾಡಿಗೆ ಮನೆಗಳೆದ್ದರೂ ಆ ದಿನ ಮನೆಯಲ್ಲಿ ಕೆಲಸಕ್ಕೆ ಬರುವ ಒಂದೇ ಒಂದು ಸಾಮಾನೂ ಕುಂಕುಮವಿಲ್ಲದೆ ಇರಕೂಡದು. ಕುಡುಗೋಲು, ಈಳಿಗೆಮಣೆ, ನೀರಿನ ಮೋಟರು, ಟಿ.ವಿ. ರಿಮೋಟು ಎಲ್ಲಕ್ಕೂ ಬೊಟ್ಟಿಟ್ಟರು. ಕಾರಿಗೆ ಬೂದುಗುಂಬಳ ಒಡೆದ ಮೇಲೆ ಮನಸ್ಸು ಕೊರೆಯಲು ಶುರುವಾಯಿತು. ಹಗಲೂ ರಾತ್ರಿ ಕಾರು ಕಾಯುವ ಸ್ವಿಚ್ಚಿಗೇ ಪೂಜೆ ಇಲ್ಲವೆಂದರೆ ದೇವಿ ಮೆಚ್ಚುತ್ತಾಳೆಯೇ? ಹೆಂಡತಿಗೆ ಸುಳ್ಳು ಹೇಳಿದ್ದನ್ನು ದೇವಿ ಹೇಗೋ ಹೊಟ್ಟೆಗೆ ಹಾಕಿಕೊಂಡಾಳು, ಆದರೆ ಸ್ವಿಚ್ಚಿಗೆ ಕುಂಕುಮ ತಪ್ಪಿದರೆ? ಸುತ್ತ ಯಾರೂ ಇಲ್ಲದ್ದು ನೋಡಿ, ಬಗ್ಗಿ, ಅರಿಶಿನ, ಕುಂಕುಮ, ಮೇಲೆ ನಾಲ್ಕು ಕಾಳು ಅಕ್ಷತೆಯನ್ನೂ ಹಾಕಿ ಕೈಮುಗಿದರು.

ಮಾರನೆಯ ಬೆಳಿಗ್ಗೆ ಮಂಗಮ್ಮ ಕಾರಿನೊಳಗೆ ಬಿದ್ದ ಅಕ್ಷತೆ, ಹೂವು ಗುಡಿಸುತ್ತೇನೆಂದು ಪೊರಕೆ, ಕೀ ಹಿಡಿದು ಕೆಳಗಿಳಿದರು. ಗಂಗಾಧರಯ್ಯನವರು ಸ್ನಾನ ಮುಗಿಸಿ ಬಂದು ನೋಡಿದರೆ ಅಂಗಳದಲ್ಲಿ ಪೊರಕೆ ಇದೆ, ಕಾರಿಲ್ಲ!

"ಅಯ್ಯಯ್ಯೋ, ಗಾಡಿ ಹೋಯ್ತು!"

ಮೈತ್ರೇಯಿ ಓಡಿಬಂದಳು, ಉಳಿದ ಬಾಡಿಗೆಯವರೂ ಇಳಿದರು. ಗಂಗಾಧರಯ್ಯನವರು ಒದ್ದೆ ಟವೆಲ್ಲಿನಲ್ಲೇ ಪೊಲೀಸರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಕೀ ಯಾರ ಹತ್ರ ಇತ್ತು ಸಾರ್?" ಎಂದು ಪೊಲೀಸಿನವರು ಕೇಳಿದರು.

"ನಮ್ಮನೆಯವಳ ಹತ್ರ."

"ಹಂಗಾದ್ರೆ ಅವರೇ ತಗೊಂಡು ಹೋಗಿರ್ತಾರೆ ಬಿಡಿ."

"ಚಾನ್ಸೇ ಇಲ್ಲ ಸಾರ್! ಸೀಕ್ರೆಟ್ ಸ್ವಿಚ್ ಹಾಕ್ಸಿದೀನಿ. ಅದನ್ನ ಒತ್ತದೆ ಸ್ಟಾರ್ಟೇ ಆಗಲ್ಲ. ಮೂರು ತಿಂಗಳಿಂದ ಅವಳು ಒದ್ದಾಡ್ತಾ ಇದ್ಲು, ಅವಳಿಗೂ ಹೇಳಿಲ್ಲ ನಾನು!"

ಎಲ್ಲರೂ ತಮ್ಮ ಬೆನ್ನ ಹಿಂದೆ ನೋಡುತ್ತಿದ್ದಾರೆಂದು ಗಂಗಾಧರಯ್ಯನವರಿಗೆ ನಿಧಾನಕ್ಕೆ ಹೊಳೆಯಿತು. ತಿರುಗಿದರು. ಗೇಟಿನಲ್ಲಿ ಕಾರು ನಿಂತಿತ್ತು, ಕಿಟಕಿ ಇಳಿದಿತ್ತು, ಮಂಗಮ್ಮ ಸ್ಟೀರಿಂಗ್ ಹಿಡಿದು ಕೂತಿದ್ದರು.

"ಕುಂಕುಮ ಕಾಣ್ತು, ಒತ್ತಿದೆ. ಏನೋ ದೇವರು ಕಣ್ಣುಬಿಟ್ಟ ಅಂದ್ಕೊಂಡೆ ಕಣ್ರೀ" ಎಂದರು ಮಂಗಮ್ಮ. ಇಂಜಿನ್ ನಿಲ್ಲಿಸಿದರು. "ಶುಕ್ರವಾರ ಶುಕ್ರವಾರ ಬಸ್ಸು ಹತ್ಕೊಂಡು ಎಲ್ಲಿಗೆ ಹೋಗ್ತೀಯ ಅಂತ ಒಂದಿನಾನಾದ್ರೂ ಕೇಳಿದ್ರಾ? ಬನಶಂಕರಮ್ಮನ ಮುಂದೆ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ತಿದ್ದೆ. ನನ್ನ ಕೈಲಿರೋ ಕೆಟ್ಟದ್ದು ತೆಗಿಯವ್ವಾ ಅಂತ ಅಳ್ತಿದ್ದೆ."

ಗಂಗಾಧರಯ್ಯನವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾಚಿಕೆ ಎಂಬುದು ಇಷ್ಟು ಬಿಸಿಯಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. "ಒಳಗೆ ಬಾ, ಮಾತಾಡಣ" ಎಂದರು ಮೆಲ್ಲಗೆ.

"ನನ್ನ ಕೈ ಸರಿಯಿಲ್ಲ ಅಂದಿದ್ದು ಇಲ್ಲೇ ತಾನೇ? ಇವರೆಲ್ಲರಿಗೂ ಕೇಳೋ ಹಂಗೆ? ಈಗ್ಲೂ ಇಲ್ಲೇ ಹೇಳಿ."

ಗಂಗಾಧರಯ್ಯನವರು ಏನೋ ಗೊಣಗಿದರು.

"ಸಾರ್, ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಾ ಇಲ್ಲ" ಎಂದಿತು ಕೈಯಲ್ಲಿದ್ದ ಫೋನು.

"ನನ್ನ ಹೆಂಡ್ತಿ ಕೈ ಚೆನ್ನಾಗೇ ಇದೆ ಸಾರ್" ಎಂದು ಗಂಗಾಧರಯ್ಯನವರು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. "ಸುಳ್ಳು ಹೇಳಿದ್ದು ನಾನು."