ಪಾತಾಳಗರಡಿ ಸಿಕ್ಕಿಕೊಂಡ ದಿನ

ನಮ್ಮ ಯಜಮಾನರು ನೌಕಾಪಡೆಯಲ್ಲಿದ್ದರು. ಹಡಗುಗಳನ್ನು ಒಡೆಯಲೆಂದು ಶತ್ರುಗಳು ಕಡಲ ತಳದಲ್ಲಿ ಹುದುಗಿಸಿಟ್ಟ ಬಾಂಬುಗಳನ್ನು ನೀರಿಗೆ ಮುಳುಗಿ ಹುಡುಕಿ ತೆಗೆಯುವ ಕೆಲಸ. ಮದುವೆಗೆ ಮುಂಚೆ ನಮ್ಮಪ್ಪನಿಗೆ ಹಡಗಿನಲ್ಲಿ ನೌಕರಿ ಎಂದಷ್ಟೇ ಹೇಳಿದ್ದರು. ಆ ಸಿಟ್ಟು ಏಳು ವರ್ಷವಾದರೂ ನನಗೆ ಇಳಿದಿರಲಿಲ್ಲ.

೧೯೮೬ರಲ್ಲಿ ರಜೆಗೆ ನಮ್ಮೂರು ಮಾಯಸಂದ್ರಕ್ಕೆ ಬಂದವರು ಒಂದು ಫಾರಂ ತಂದಿದ್ದರು. ಇನ್ನೂ ಐದು ವರ್ಷ ಸೇವೆಯಲ್ಲಿ ಉಳಿಯುವುದಾದರೆ ಅದಕ್ಕೆ ಸಹಿ ಹಾಕಬೇಕು. ನಾನು ಹೂಂ ಅನ್ನದೆ ಹಾಕುವುದಿಲ್ಲ ಎಂದರು. ನಾನು ಮುಖ ತಿರುಗಿಸಿದೆ.

"ಇನ್ಮ್ಯಾಕೆ ಮನುಷ್ಯರು ಇಳಿಯಂಗಿಲ್ಲ ಕಣೇ ಮೀನಾಕ್ಷಿ," ಎಂದು ಒಂದು ಕೊಬ್ಬರಿ ಗಿಟುಕನ್ನು ಬಾಂಬಿನಂತೆ ಜಗಲಿಯ ಮೇಲಿಟ್ಟು ವಿವರಿಸಿದರು. ಆ ಹೊಸ ವಿಧಾನವನ್ನು ಹೊರದೇಶಕ್ಕೆ ಹೋಗಿ ಕಲಿತು ಬಂದಿದ್ದರು. "ಒಂದು ಯಂತ್ರ ಬತ್ತಾ ಐತೆ. ಕರುವಿನ ಗಾತ್ರ. ಒಳಗೆ ಯಾರೂ ಇರಾಕಿಲ್ಲ. ಹಿಂದಕ್ಕೆ ಉದ್ದನೆ ತಂತಿ, ಮೂತಿಗೆ ಕ್ಯಾಮೆರಾ. ಬಾಂಬಿನ ಪಕ್ಕ ಸಿಡಿಮದ್ದು ಇಟ್ಟು ವಾಪಸ್ ಬತ್ತದೆ. ನಾವು ದೂರ ಹಡಗಿನಾಗೆ ಕುಂತು ಸಿಡಿಸಿದ್ರೆ ಆಯ್ತು."

"ನೀವು ನೀರಿಗೆ ಇಳಿಯಾಕಿಲ್ಲ ತಾನೆ?"

"ಕಾಲೂ ನೆನೆಯಾಕಿಲ್ಲ."

ಹಾಗಾದರೆ ಸಹಿ ಹಾಕಿ ಎಂದೆ. ಏಳು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. ಒಬ್ಬಟ್ಟು ಮಾಡೋಣವೆಂದು ತೋಟದ ಬಾವಿಗೆ ನೀರು ಸೇದಲು ಹೋದೆ. ಆ ಖುಷಿಯಲ್ಲಿ ಕುಣಿಕೆ ಸರಿಯಾಗಿ ಬಿಗಿಯಲಿಲ್ಲವೋ ಏನೋ, ಕೊಡ ಬಾವಿಗೆ ಬಿತ್ತು.

ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು, ಪಾತಾಳಗರಡಿ, ಪಕ್ಕದ ಮನೆ ತಿಮ್ಮಕ್ಕನ ಹತ್ತಿರವಿತ್ತು. ಬದಲಿಗೆ ಒಂದು ಪಾತ್ರೆ ಇಟ್ಟುಕೊಳ್ಳದೆ ನಮ್ಮ ಕಡೆ ಯಾರೂ ಅದನ್ನು ಕೊಡುವುದಿಲ್ಲ. ನನ್ನ ತವರಿನ ಚೊಂಬು ಇಸಿದುಕೊಂಡೇ ಕೊಟ್ಟಳು. ನಾನೂ ಯಜಮಾನರೂ ಹಗ್ಗ ಬಿಟ್ಟು ಆಡಿಸಿದೆವು. ಕೊಡ ಸಿಗಲಿಲ್ಲ, ತಳದ ಕಲ್ಲಿನ ಸಂದಿಗೆ ಗರಡಿಯೇ ಸಿಕ್ಕಿಕೊಂಡಿತು.

"ಬುಡಿ, ತಿಮ್ಮಕ್ಕಂಗೆ ಹೇಳಾನ," ಎಂದು ನಾನು ಅನ್ನುವಷ್ಟರಲ್ಲಿ ಅವರ ಅಂಗಿ ಬಾವಿಕಟ್ಟೆಯ ಮೇಲಿತ್ತು.

"ಇನ್ನೊಬ್ಬರ ಸಾಮಾನು ಕಣೇ," ಎಂದವರೇ ಬಾವಿಯ ಗೋಡೆಯ ಕಲ್ಲು ಹಿಡಿದು ಇಳಿದು ಮುಳುಗಿದರು.

ಅವರು ಮುಳುಗುವುದನ್ನು ನಾನೆಂದೂ ಕಣ್ಣಾರೆ ನೋಡಿರಲಿಲ್ಲ. ನೀರಿನ ಮೇಲೆ ಒಂದು ಗುಳ್ಳೆಯೂ ಇಲ್ಲ. ಹಗ್ಗ ಹಿಡಿದು ಬಾವಿಯೊಳಕ್ಕೆ ಬಗ್ಗಿದೆ. ಎಷ್ಟೋ ಹೊತ್ತಿನ ಮೇಲೆ ಗರಡಿ ಬಿಟ್ಟುಕೊಂಡು ಹಗ್ಗ ಸಡಿಲಾಯಿತು, ಆಮೇಲೆ ಅವರ ತಲೆ ಕಂಡಿತು.

ಮೇಲೆ ಬಂದವರ ತಲೆಯನ್ನು ಸೆರಗಿನಿಂದ ಒರೆಸಿದೆ. ಚೆನ್ನಾಗಿ ಬೈಯಬೇಕೆಂದಿದ್ದೆ, ಬಾಯಿಗೆ ಬಂದದ್ದೇ ಬೇರೆ.

"ಆ ಯಂತ್ರ ಹಿಂಗೇ ಸಿಕ್ಕಾಕ್ಕಂಡ್ರೆ ಯಾರು ಇಳೀತಾರೆ?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾನೇ," ಎಂದರು. "ನೀನು ಬ್ಯಾಡ ಅಂದ್ರೆ ಫಾರಂ ಹರಿದಾಕ್ತೀನಿ."

ಹರಿಯಿರಿ ಎಂದಿದ್ದರೆ ನಿಜವಾಗಿಯೂ ಹರಿಯುತ್ತಿದ್ದರು. ಆಗ ಇನ್ಯಾವಳ ಗಂಡನೋ ಇಳಿಯಬೇಕು. ಆ ಕೊರಗಿನಲ್ಲಿ ಇವರಿಗೆ ಆಮೇಲೆ ನನ್ನ ಒಬ್ಬಟ್ಟೂ ರುಚಿಸುವುದಿಲ್ಲ. ನನಗೆ ಅಳು ಬಂತು.

"ಹರೀಬ್ಯಾಡಿ. ನೀವು ನೀರಿಗೆ ಇಳಿದಾಗೆಲ್ಲ ನಂಗೆ ಕಾಗದ ಬರೀಬೇಕು. ಮುಚ್ಚಿಡಬಾರದು."

"ಇಳಿಯೋಕೆ ಮುಂಚೆ ಬರೀಲಾ?"

"ಮ್ಯಾಲಕ್ಕೆ ಬಂದ್ಮೇಲೆ ಬರೀರಿ," ಎಂದೆ.