ಎರಡು ಕಿಲೋ ತೇವ

"ಏಯ್ ಆಶೂರನ ಹೇಂತಿ, ಎಷ್ಟು ಸಲ ನಡಾ ಹಿಡ್ಕೋತಿ? ಹತ್ತಿ ಬಿಡಸಾಕ ಬಂದೀಯೋ, ನಡಾ ತೋರಸಾಕ ಬಂದೀಯೋ?"

ನೂರ್ಮತ್ ರೈಸ್ ಜೀಪಿನಿಂದ ಇಳಿಯಲಿಲ್ಲ, ಗಾಜು ಮಾತ್ರ ಇಳಿಸಿದ. ಆ ಹೊಲಗಳ ಧಣಿಯನ್ನು ಊರೆಲ್ಲ ರೈಸ್ ಎಂದೇ ಕರೆಯುವುದು. ಸಬೋಹತ್ ಕಷ್ಟಪಟ್ಟು ನೆಟ್ಟಗಾದಳು. ಸೊಂಟಕ್ಕೆ ಕಟ್ಟಿದ ಹತ್ತಿಯ ಉಡಿ ಮುಂದಕ್ಕೆ ಜೋತುಬಿದ್ದು ಹೊಟ್ಟೆಯನ್ನು ನುಂಗಿಬಿಟ್ಟಿತ್ತು. ಒಣಗಿದ ಕಾಯಿಯ ಮೊನೆ ಚುಚ್ಚಿ ಬೆರಳ ತುದಿಗಳೆಲ್ಲ ಬಿರಿದಿದ್ದವು.

"ಎಂಟು ತಿಂಗಳು ತುಂಬಿ ಒಂಬತ್ತರಾಗ ಬಿದ್ದೈತ್ರಿ ಧಣಿ. ಬಗ್ಗಾಕ ಆಗವಲ್ದು. ಕಣದಾಗ ಕುಂತು ಕಸಾ ಆರಿಸೂ ಕೆಲಸ ಕೊಡ್ರಿ."

"ಒಂಬತ್ತು?" ರೈಸ್ ಡ್ರೈವರನ ಕಡೆ ನೋಡಿ ನಕ್ಕ. "ನನ್ನ ಹೇಂತಿ ಒಂಬತ್ತರಾಗ ಬಾಗಲದಾಗ ಹಿಡೀತಿದ್ದಿಲ್ಲ. ಇದೇನು ಬಸುರೋ, ವಾಯುವೋ? ಆರೋಗ್ಯ ಕೇಂದ್ರದಿಂದ ಚೀಟಿ ತಾ. ಚೀಟಿಯಾಗ ಒಂಬತ್ತಂತಿದ್ರ ಕುಂದ್ರು. ಇಲ್ಲಾಂದ್ರ ಬಗ್ಗು."

"ಕುಂತ್ರ ಕಟಿಗಿ ಕೊಡ್ತೀರೇನ್ರಿ?"

ಕೂಲಿಗಿಂತ ಕಟಿಗಿ ದೊಡ್ಡದು. ಸುಗ್ಗಿ ಮುಗಿಯುವವರೆಗೆ ಬಿಡಿಸಿದವಳಿಗೆ ಅವಳ ಸಾಲಿನ ಒಣ ಹತ್ತಿಕಡ್ಡಿ. ಚಳಿಗಾಲದ ಒಲೆಗೂ ರೊಟ್ಟಿ ಸುಡುವ ತಂದೂರಿಗೂ ಈ ಬಯಲಿನಲ್ಲಿ ಬೇರೆ ಸೌದೆಯೇ ಇಲ್ಲ.

"ಚೀಟಿ ಇದ್ರ ಕಟಿಗೀನೂ ಐತಿ," ಎಂದು ಗಾಜು ಏರಿಸಿದ.

ಆರೋಗ್ಯ ಕೇಂದ್ರದಲ್ಲಿ ನರ್ಸ್ ಜುಮಾಗುಲ್ ದರ್ಜಿ ಬಳಸುವಂಥ ಟೇಪು ತೆಗೆದಳು. ಕಿಬ್ಬೊಟ್ಟೆಯ ಎಲುಬಿನಿಂದ ಗರ್ಭದ ನೆತ್ತಿಯವರೆಗೆ ಎಳೆದಳು. ಮತ್ತೊಮ್ಮೆ ಎಳೆದಳು.

"ಇಪ್ಪತ್ತೆಂಟು. ವಾರಕ್ಕೊಂದು ಸೆಂಟಿಮೀಟರ್ ಲೆಕ್ಕ. ಅಂದ್ರ ಇಪ್ಪತ್ತೆಂಟು ವಾರ. ನಿಂಗ ಏಳು ತಿಂಗಳೂ ತುಂಬಿಲ್ಲ."

"ಅಕ್ಕಾ, ಫೆಬ್ರುವರಿ ಇಪ್ಪತ್ತಕ್ಕ ನನ್ನ ಗಂಡ ದುಡಿಯಾಕಂತ ರಷ್ಯಾದ ಬಸ್ಸು ಹತ್ತಿದಾಂವ. ತಿರುಗಿ ಬಂದಿಲ್ಲ. ನಾ ಎಣಿಸೂದು ತಪ್ಪತೀನೇನು?"

ಜುಮಾಗುಲ್‌ಳ ಕೈ ನಿಂತಿತು.

"ಹಂಗಾದ್ರ ಕೂಸು ಒಳಗ ಬೆಳದಿಲ್ಲ. ಹೋದ ತಿಂಗಳು ಅಳತಿಗೆ ಯಾಕ ಬರಲಿಲ್ಲ?"

"ಧಣಿ ಬಿಡಲಿಲ್ಲ."

"ಏನು ಉಣ್ತಿ?"

"ರೊಟ್ಟಿ, ಚಾ."

"ಅದರ ಮ್ಯಾಲೆ?"

"ಅದರ ಮ್ಯಾಲೆ ಇನ್ನೊಂದು ಚಾ."

ಕೂಸು ಬೆಳೆದಿಲ್ಲ ಎಂದು ಬರೆದರೆ ಇವಳನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು. ಕಳಿಸಲು ಊರಲ್ಲಿದ್ದ ಗಾಡಿ ರೈಸನ ಜೀಪೊಂದೇ. ಕೇಂದ್ರದ ಮಾಡಿಗೆ ಹೊಸ ತಗಡು ಹಾಕಿಸಿದವನೂ ಅವನೇ. ಹೊಲದಲ್ಲಿ ಇನ್ನೂ ಹನ್ನೊಂದು ಜನ ಬಸುರಿಯರಿದ್ದರು, ಇವಳಿಗೆ ಕೊಟ್ಟರೆ ನಾಳೆ ಅವರೂ ಚೀಟಿ ಕೇಳಿಕೊಂಡು ಬರುವವರು. ಜುಮಾಗುಲ್ ಮುಖ ಎತ್ತದೆ ಬರೆದಳು: ಇಪ್ಪತ್ತೆಂಟು ವಾರ.

"ಟೇಪು ಹೇಳಿದ್ದು ಬರದೀನಿ, ತಂಗಿ."

ಸಬೋಹತ್ ಹೊಲ ಮುಟ್ಟುವ ಮೊದಲೇ ಆರೋಗ್ಯ ಕೇಂದ್ರದ ಫೋನು ರೈಸನಿಗೆ ಮುಟ್ಟಿತ್ತು. ಹೆಂಗಸರು ಬುತ್ತಿ ಬಿಚ್ಚಿ ಕೂತ ಹೊತ್ತು. ರೈಸ್ ಈ ಸಲ ಜೀಪಿನಿಂದ ಇಳಿದು, ಎಲ್ಲರಿಗೂ ಕಾಣುವಂತೆ ಬೆರಳು ಮಡಿಸತೊಡಗಿದ.

"ಅಕ್ಟೋಬರ್, ಸೆಪ್ಟೆಂಬರ್, ಆಗಸ್ಟ್..." ಏಳನೆಯ ಬೆರಳು ಹಿಡಿದು ನಿಂತ. "ಏಪ್ರಿಲ್! ಆಶೂರ ಊರು ಬಿಟ್ಟಿದ್ದು ಯಾವಾಗ?"

ಉತ್ತರವನ್ನೂ ತಾನೇ ಕೂಗಿದ.

"ಫೆಬ್ರುವರಿ! ಏಪ್ರಿಲ್‌ನಾಗ ನನ್ನ ಹೊಲಕ್ಕ ಹತ್ತಿ ಬಿತ್ತೂದು ಗೊತ್ತಿತ್ತು. ಮತ್ತೇನೇನು ಬಿತ್ತಿದ್ರೋ ಗೊತ್ತಿರಲಿಲ್ಲ."

ಟ್ರ್ಯಾಕ್ಟರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಸಾಲಿನ ಝೈನಾಬಿಯೂ ನಕ್ಕಳು. ನಗದಿದ್ದರೆ ನಾಳೆ ಅವಳ ಸಾಲು ಇನ್ನೊಬ್ಬಳದು.

"ನಿನ್ನ ನಾಲಗಿಗೆ ಹುಳಾ ಬೀಳಲಿ," ಎಂದಳು ಸಬೋಹತ್.

"ಬಗ್ಗು, ಸೂಳಿ."

ಬಗ್ಗಿದಳು.

ಸುದ್ದಿಗೆ ಬಸ್ಸಿನ ಟಿಕೀಟು ಬೇಕಿಲ್ಲ. ಸಂಜೆಯೇ ಆಶೂರನ ಫೋನು ಬಂತು.

"ಯಾರದು?"

"ನಿಂದು. ಇನ್ಯಾರದು?"

"ಧಣಿ ಸುಳ್ಳು, ನರ್ಸ್ ಸುಳ್ಳು, ಟೇಪೂ ಸುಳ್ಳು. ನೀ ಒಬ್ಬಾಕಿ ಖರೇನು?"

ಫೋನು ಕಟ್ಟಾಯಿತು. ಒಲೆಯ ಮುಂದೆ ಕೂತಿದ್ದ ಅತ್ತೆ ಹೋಲ್ಬೀಬಿ ಎಲ್ಲ ಕೇಳಿಸಿಕೊಂಡಳು. ಅವತ್ತಿನಿಂದ ಸೊಸೆಯ ಜೊತೆ ಮಾತು ಬಿಟ್ಟಳು.

ನವೆಂಬರ್ ಮೊದಲ ವಾರದವರೆಗೂ ಸಬೋಹತ್ ಬಗ್ಗಿದಳು. ಸಾಲಿನ ನಡುವೆಯೇ ನೋವು ಹತ್ತಿತು. ಮನೆಗೆ ನಡೆದು ಬಂದು ಹೆತ್ತಳು. ಹೆಣ್ಣು. ತೊಗಲು ಮುದುಕಿಯದು, ತಲೆ ಮಾತ್ರ ದೊಡ್ಡದು, ತೊಡೆ ಅವ್ವನ ಹೆಬ್ಬೆರಳಿನಷ್ಟು. ಜುಮಾಗುಲ್‌ಳ ತಕ್ಕಡಿಯ ಮುಳ್ಳು ಒಂದು ಕಿಲೋ ಏಳುನೂರು ಗ್ರಾಮಿಗೆ ನಿಂತಿತು. ಅವಳು ಬರೆದಳು: ದಿನ ತುಂಬದ ಕೂಸು.

ಹೋಲ್ಬೀಬಿ ಮೊಮ್ಮಗಳ ಕಾಲು ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು. ಬಹಳ ಹೊತ್ತು ನೋಡಿದಳು.

"ಜುಮಾಗುಲ್, ಇಲ್ಲಿ ಬಾ. ದಿನಾ ತುಂಬದ ಕೂಸಿನ ಅಂಗಾಲು ನುಣ್ಣಗಿರತೈತಿ. ಇದರ ಅಂಗಾಲ ತುಂಬ ಗೆರಿ ಅದಾವ. ಉಗುರು ಬೆರಳು ದಾಟ್ಯಾವ, ಕೆನ್ನಿ ಪರಚಿಕೊಂಡೈತಿ. ಇದು ಒಂಬತ್ತೂ ತಿಂಗಳು ಒಳಗ ಕುಂತು ಹಸದ ಕೂಸು."

"ಗೊತ್ತೈತಿ, ದೊಡ್ಡವ್ವಾ."

"ಗೊತ್ತಿದ್ರ ಬರಿ!"

"ಅವತ್ತು ಬರದದ್ದನ್ನ ಇವತ್ತು ತಿದ್ದಿದ್ರ, ಅವತ್ತೇ ಯಾಕ ದವಾಖಾನಿಗೆ ಕಳಸಲಿಲ್ಲ ಅಂತ ನನ್ನ ಕೇಳ್ತಾರ."

ಜುಮಾಗುಲ್ ಚೀಲ ಎತ್ತಿಕೊಂಡು ಹೋದಳು. ಹೋಲ್ಬೀಬಿ ಸೊಸೆಯ ಪಕ್ಕಕ್ಕೆ ಬಂದು ಕೂತಳು. ಆ ಅಂಗಾಲನ್ನೇ ತನ್ನ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಅದರ ಫೋಟೋ ತೆಗೆದು ಮಗನಿಗೆ ಕಳಿಸಿದಳು. ಮಗ ನೋಡಿದ. ಉತ್ತರ ಬರಲಿಲ್ಲ.

ಹುಟ್ಟಿದ ಕೂಸು ನಲವತ್ತು ದಿನ ಹೊಸ್ತಿಲು ದಾಟಬಾರದು, ಹೊರಗಿನವರ ಕಣ್ಣಿಗೆ ಬೀಳಬಾರದು. ನಾಲ್ಕನೆಯ ದಿನ ಬೆಳಿಗ್ಗೆ ಕೂಸು ಮೊಲೆ ಜಗ್ಗುವುದನ್ನು ಬಿಟ್ಟಿತು. ಬಾಯಿ ತಣ್ಣಗಿತ್ತು. ಹೋಲ್ಬೀಬಿ ಓಡುತ್ತ ಕಣಕ್ಕೆ ಹೋದವಳು ಕಾಲೆಳೆಯುತ್ತ ಬಂದಳು.

"ಜೀಪು ಕೊಡೂದಿಲ್ಲಂತ. ಯಾರದೈತಿ ಕೂಸು, ಅವನ ಗಾಡಿ ಕೇಳ್ರಿ ಅಂದಾ. ಸುಗ್ಗಿ ನಡುವ ಬಿಟ್ಟು ಬಂದಾಕಿಗೆ ಕಟಿಗೀನೂ ಇಲ್ಲಂತ."

ಸಬೋಹತ್ ಎದ್ದಳು. ಗೂಟಕ್ಕೆ ಹಾಕಿದ್ದ ಹತ್ತಿಯ ಉಡಿ ತೆಗೆದಳು. ಕೂಸನ್ನು ಎದೆಗವಚಿಕೊಂಡಳು.

"ನಲವತ್ತು ದಿನಾ ಅಂತ ಐತಲ್ಲೇ," ಎಂದಳು ಅತ್ತೆ.

"ನಲವತ್ತು ಇದಕ್ಕೆಲ್ಲಿಂದ ತರಲಿ, ಅತ್ತಿ?"

ಕಣದಲ್ಲಿ ಮೂರು ಕಂಬ ಕೂಡಿಸಿ ತಕ್ಕಡಿ ತೂಗುಹಾಕಿದ್ದರು. ಹೆಂಗಸರ ಪಾಳಿ. ಬಿಸಿಲಿಗೆ ಗರಿಗರಿ ಒಣಗಿದ ಹತ್ತಿ.

"ಇಪ್ಪತ್ತೊಂದು. ತೇವಕ್ಕ ಎರಡು ಕಿಲೋ ಕಡಿತ. ಹತ್ತೊಂಬತ್ತು!" ರೈಸ್ ಕೂಗುತ್ತಿದ್ದ. ಹಸಿ ಇರಲಿ, ಒಣ ಇರಲಿ, ಪ್ರತಿ ಮೂಟೆಗೂ ಎರಡು ಕಿಲೋ ತೇವ.

ಸಬೋಹತ್ ಪಾಳಿ ಸೀಳಿಕೊಂಡು ಬಂದಳು. ಕೊಕ್ಕೆಯಲ್ಲಿದ್ದ ಮೂಟೆಯನ್ನು ನೆಲಕ್ಕೆ ಕೆಡವಿದಳು. ಉಡಿ ಹಾಸಿ, ಕೂಸನ್ನು ಅದರಲ್ಲಿಟ್ಟು, ನಾಲ್ಕೂ ತುದಿ ಗಂಟು ಹಾಕಿ ಕೊಕ್ಕೆಗೆ ಸಿಕ್ಕಿಸಿದಳು. ಕೆಳಗೆ ಎರಡೂ ಅಂಗೈ ಒಡ್ಡಿ ನಿಂತಳು, ಮುಟ್ಟಲಿಲ್ಲ.

"ತೂಗು."

"ಹುಚ್ಚು ಹಿಡದೈತೇನು? ಇಳಸು ಅದನ್ನ!"

"ತೂಗಲೇ ಹಾಟ್ಯಾ! ನನ್ನ ಎಲ್ಲಾ ಮೂಟಿ ತೂಗೀದಿ, ಇದೊಂದು ತೂಗು. ತೇವಕ್ಕ ಎರಡು ಕಿಲೋ ಕಳೀತಿಯಲ್ಲ, ಕಳಿ. ಕಳದು ಏನು ಉಳೀತು, ಊರಿಗೆಲ್ಲಾ ಕೇಳೂವಂಗ ಕೂಗು!"

ರೈಸನ ಕೈಯ ಪೆನ್ಸಿಲ್ಲು ಪುಸ್ತಕದ ಮೇಲೆ ನಿಂತಿತ್ತು.

"ಇಳಸ್ರಲೇ ಯಾರಾರ!" ಎಂದು ಟ್ರ್ಯಾಕ್ಟರಿನವರ ಕಡೆ ಅರಚಿದ. ಅವರು ನೆಲ ನೋಡಿದರು. ಝೈನಾಬಿ ತಲೆಯ ಮೇಲಿನ ಮೂಟೆಯನ್ನು ಧೊಪ್ಪೆಂದು ಕೆಡವಿ ಅದರ ಮೇಲೆ ಕೂತಳು. ಬೇರೆ ಯಾರೂ ಕೂರಲಿಲ್ಲ. ಯಾರೂ ಮುಂದಕ್ಕೂ ಬರಲಿಲ್ಲ.

ಮುಳ್ಳು ಎರಡರ ಕೆಳಗೆ ನಡುಗುತ್ತಿತ್ತು. ಒಳಗಿನ ಉಸಿರಿಗೋ, ಹೊರಗಿನ ಗಾಳಿಗೋ ತಿಳಿಯಲಿಲ್ಲ. ಎಲ್ಲರೂ ಮುಳ್ಳನ್ನೇ ನೋಡುತ್ತಿದ್ದರು.