ಕಾಗದದ ಮೇಲಿನ ನೇರಳೆ ಮೂಗು

ಮೊಮ್ಮಗಳು ಗುಬ್ಬಿ ಕನ್ನಡಕವನ್ನು ಬಚ್ಚಲುಮನೆಯ ಕಿಟಕಿಯಲ್ಲೇ ಬಿಟ್ಟು ಪರೀಕ್ಷೆಗೆ ಓಡಿದ್ದಳು. ಅದನ್ನು ಕೊಟ್ಟು ಬರೋಣವೆಂದು ನಾನು ಅವಳ ಕಾಲೇಜಿನ ಪ್ರಯೋಗಾಲಯಕ್ಕೆ ಹೋದೆ. ಕೊಟ್ಟು ಹೊರಟ ನನ್ನನ್ನು ಅಲ್ಲಿನ ಅಟೆಂಡರ್ ಬಿಡಲಿಲ್ಲ. ಇಷ್ಟು ಮೆಟ್ಟಿಲು ಹತ್ತಿ ಬಂದಿದ್ದೀರಿ, ಸುಧಾರಿಸಿಕೊಳ್ಳಿ ಎಂದು ಒಂದು ಸ್ಟೂಲು ತಂದರು. ಅದು ಕುಂಟುತ್ತಿತ್ತು. ಅದರ ಕಾಲಿನ ಕೆಳಗೆ ಮಡಿಸಿದ ರಟ್ಟು ಕೊಟ್ಟು, ತಾವೇ ಒಮ್ಮೆ ಕೂತು ನೋಡಿ, ಆಮೇಲೆ ನನ್ನನ್ನು ಕೂರಿಸಿದರು. ಹಾಗಾಗಿ ಮುಂದಿನದನ್ನೆಲ್ಲ ಕಣ್ಣಾರೆ ನೋಡುವ ಭಾಗ್ಯ ನನ್ನದಾಯಿತು.

ಕಾಲೇಜಿನ ತೋಟದಲ್ಲಿ ಒಂದು ಬಳ್ಳಿಯಿದೆ. ಕೆಮ್ಮು ನೆಗಡಿಗೆ ಒಳ್ಳೆಯದೆಂದು ಜನ ಅದರ ಎಲೆ ಕಿತ್ತೊಯ್ಯುತ್ತಾರೆ. ಆ ಎಲೆಯಲ್ಲಿ ಯಾವ ಯಾವ ಅಮೈನೋ ಆಮ್ಲಗಳಿವೆ ಎಂದು ಕಂಡುಹಿಡಿಯುವುದು ಗುಬ್ಬಿಯ ಕೆಲಸ. ನಾನೂ ಒಂದು ಕಾಲದಲ್ಲಿ ರಸಾಯನಶಾಸ್ತ್ರ ಓದಿದವಳೇ, ಆದರೆ ಅವಳು ವಿವರಿಸಿದ ಮೇಲೆಯೇ ಎಲ್ಲ ನೆನಪಾದದ್ದು. ದಪ್ಪನೆಯ ಸೋಸುಕಾಗದದ ಕೆಳ ಅಂಚಿಗೆ ಎಲೆಯ ಸಾರದ ಒಂದು ಹನಿ, ಪಕ್ಕದಲ್ಲಿ ಗೊತ್ತಿರುವ ಅಮೈನೋ ಆಮ್ಲಗಳ ಹನಿಗಳು. ಕಾಗದವನ್ನು ಗಾಜಿನ ಜಾಡಿಯಲ್ಲಿ ಒಂದು ದ್ರವದೊಳಗೆ ನಿಲ್ಲಿಸಿದರೆ ದ್ರವ ಮೇಲೇರುತ್ತ ಒಂದೊಂದನ್ನೂ ಅದರದರ ಎತ್ತರಕ್ಕೆ ಒಯ್ಯುತ್ತದೆ. ಆರಿದ ಮೇಲೆ ಔಷಧಿ ಸಿಂಪಡಿಸಿ ಓವನ್‌ನಲ್ಲಿ ಬಿಸಿ ಮಾಡಿದರೆ ನೇರಳೆ ಚುಕ್ಕೆಗಳು ಏಳುತ್ತವೆ. ಎಲೆಯ ಚುಕ್ಕೆ ಯಾವುದರ ಎತ್ತರಕ್ಕೆ ನಿಂತಿದೆಯೋ ಅದೇ ಅದು.

ತೊಡಕೆಂದರೆ ನಮ್ಮ ಬೆವರಿನಲ್ಲೂ ಇವೇ ಆಮ್ಲಗಳಿವೆ. ಬರಿ ಬೆರಳು ತಗುಲಿದರೂ ಸಾಕು, ನೇರಳೆ ಗುರುತು ಎದ್ದು ಬರುತ್ತದೆ. ಅದಕ್ಕೇ ಗುಬ್ಬಿಯ ಗುರುಗಳು ಗೋಡೆ ಗೋಡೆಗೂ ‘ಮುಟ್ಟಬೇಡಿ’ ಎಂದು ಬರೆಸಿದ್ದರು. ಮುಟ್ಟಿದ ಕಾಗದಕ್ಕೆ ಸೊನ್ನೆ, ಮತ್ತೆ ಮೊದಲಿಂದ ಮಾಡಬೇಕು ಎಂಬುದು ಅವರ ಕಟ್ಟಪ್ಪಣೆ. ಮಕ್ಕಳ ಬಾಯಲ್ಲಿ ಅವರ ಹೆಸರೇ ಮುಟ್ಟಬೇಡಿ ಮೇಷ್ಟ್ರು.

ಆ ವಾರ ಮೇಷ್ಟ್ರಿಗೆ ಜೋರು ನೆಗಡಿ. ಅವರ ಸೀನು ಕೇಳಲಾರದೆ ಅಟೆಂಡರ್, ಗುಬ್ಬಿ ಒಣಗಿಸಿಟ್ಟಿದ್ದ ಎಲೆಯನ್ನೆಲ್ಲ ಕುದಿಸಿ ಕಷಾಯ ಮಾಡಿ ಕುಡಿಸಿಬಿಟ್ಟಿದ್ದರು. ಎಲೆ ಹೋಯಿತು, ನೆಗಡಿ ಹೋಗಲಿಲ್ಲ. ಬಳ್ಳಿಯನ್ನು ಮಾಲಿ ಬುಡಕ್ಕೆ ಸವರಿದ್ದ. ಹೊಸ ಎಲೆ ಬರುವ ಹೊತ್ತಿಗೆ ಪರೀಕ್ಷೆ ಮುಗಿದು ಗುಬ್ಬಿಯ ಒಂದು ವರ್ಷ ಮಣ್ಣುಪಾಲಾಗುತ್ತಿತ್ತು. ಕೈಯಲ್ಲಿ ಉಳಿದಿದ್ದುದು ಈಗಾಗಲೇ ಸಾರ ಹಾಕಿ, ಜಾಡಿಯಲ್ಲಿ ನಿಲ್ಲಿಸಿ ಒಣಗಿಸಿದ್ದ ಒಂದೇ ಒಂದು ಕಾಗದ.

ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿಯ ಎದುರಿಗೆ ಗುಬ್ಬಿ ಕೈಗವಸು ಹಾಕಿಕೊಂಡು ಔಷಧಿ ಸಿಂಪಡಿಸಿ ಕಾಗದವನ್ನು ಓವನ್ನಿಗೆ ಇಟ್ಟಳು. ಹೊರಗೆ ತೆಗೆದಾಗ ಚುಕ್ಕೆಗಳು ಸಾಲಾಗಿ, ಮುದ್ದಾಗಿ ಎದ್ದಿದ್ದವು. ಬಲಗಡೆ ಅಂಚಿನಲ್ಲಿ ಒಂದು ಮೂಗೂ ಎದ್ದಿತ್ತು. ಹೊಳ್ಳೆಗಳ ಸಮೇತ.

“ಇದ್ಯಾವ ಅಮೈನೋ ಆಮ್ಲನಮ್ಮಾ?” ಎಂದರು ಪರೀಕ್ಷಕಿ.

ಗುಬ್ಬಿ ಕಾಗದ ನೋಡಿದಳು, ಮೇಷ್ಟ್ರನ್ನು ನೋಡಿದಳು, ನೆಲ ನೋಡಿದಳು. ಆ ವಿಭಾಗದಲ್ಲಿ ಅಂಥ ಮೂಗು ಒಂದೇ ಇತ್ತು. ಮೇಷ್ಟ್ರು ಮೂಲೆ ತಿರುಗಿದರೆ ಅದು ಮೊದಲು ಬಂದು ಅವರು ಆಮೇಲೆ ಬರುತ್ತಿದ್ದರು. ಈಗ ಅದು ಕರವಸ್ತ್ರದೊಳಗಿತ್ತು.

“ಅದು ನಂದು ಮೇಡಂ,” ಎಂದರು ಅಟೆಂಡರ್. “ಬೆಳಗ್ಗೆ ಗುಡಿಸುವಾಗ ತಗುಲಿರಬೇಕು.”

“ನೀವು ಮೂಗಲ್ಲಿ ಗುಡಿಸ್ತೀರಾ?”

ಇಲ್ಲ, ಅದು ತನ್ನದೇ, ಕನ್ನಡಕ ಇಲ್ಲದೆ ಬಗ್ಗಿ ನೋಡಿದೆ ಎಂದಳು ಗುಬ್ಬಿ. ನಾನು ಆ ಕಾಗದದ ಹತ್ತಿರ ಸುಳಿದವಳೂ ಅಲ್ಲ, ಆದರೂ ಅದೇನು ಬಂತೋ, ನನ್ನದೂ ಇರಬಹುದು ಎಂದುಬಿಟ್ಟೆ.

“ಒಂದು ಮೂಗಿಗೆ ಮೂರು ಜನ ವಾರಸುದಾರರು,” ಎಂದು ಪರೀಕ್ಷಕಿ ಕುರ್ಚಿ ಎಳೆದುಕೊಂಡು ಕೂತರು. “ಗೊತ್ತಿಲ್ಲದ ಕಲೇನ ಹೇಗೆ ಗುರುತಿಸೋದು ಹೇಳಮ್ಮ.”

“ಗೊತ್ತಿರೋದನ್ನ ಪಕ್ಕದಲ್ಲಿಟ್ಟು ಹೋಲಿಸಬೇಕು ಮೇಡಂ.”

“ಸರಿ. ಹಾಗಾದ್ರೆ ಗೊತ್ತಿರೋ ಮೂಗುಗಳು ಬರಲಿ.”

ಗುಬ್ಬಿ ಹೊಸ ಕಾಗದ ತೆಗೆದು ಪೆನ್ಸಿಲಿನಲ್ಲಿ ಮೂರು ಗುರುತು ಹಾಕಿದಳು. ಅಟೆಂಡರ್ ಮರ್ಯಾದೆಯಿಂದ ಸೋಪು ಹಚ್ಚಿ ಮುಖ ತೊಳೆದು ಬಂದರು. ತೊಳೆದ ಮೂಗಿನಿಂದ ಪ್ರಯೋಜನವಿಲ್ಲ, ಮೆಟ್ಟಿಲು ಇಳಿದು ಹತ್ತಿ ಬನ್ನಿ ಅಣ್ಣ ಎಂದು ಗುಬ್ಬಿ ಕಳಿಸಿದಳು. ಅವರು ಏದುಸಿರು ಬಿಡುತ್ತ ಬಂದು ಒತ್ತಿದರು. ಅವಳೂ ಒತ್ತಿದಳು. ನಾನೂ ಒತ್ತಿದೆ. ಹಿಂತಿರುಗಿ ನೋಡಿದರೆ, ಯಾರೂ ಕರೆಯದೆಯೇ ಮೇಷ್ಟ್ರು ನನ್ನ ಹಿಂದೆ ಸರತಿಯಲ್ಲಿ ನಿಂತಿದ್ದರು. ನಾಲ್ಕನೆಯ ಗುರುತನ್ನು ತಾವೇ ಹಾಕಿಕೊಂಡು, ಪಕ್ಕಕ್ಕೆ ತಿರುಗಿ ಒಂದು ಸೀನು ಸೀನಿ, ಗಂಭೀರವಾಗಿ ಮೂಗು ಒತ್ತಿದರು.

ಓವನ್ನಿನಿಂದ ಕಾಗದ ಬಂತು. ಅಟೆಂಡರದ್ದು ಅಂಗಿಯ ಗುಂಡಿಯಂತಿತ್ತು. ಗುಬ್ಬಿಯದು ಅವರೆಕಾಳಿನಷ್ಟು. ನನ್ನದು ವಯಸ್ಸಿಗೆ ತಕ್ಕಂತೆ ಮಸುಕು. ನಾಲ್ಕನೆಯದನ್ನು ನೋಡಿದ ಮೇಲೆ ಹೋಲಿಸಲು ಏನೂ ಉಳಿದಿರಲಿಲ್ಲ.

“ಯಾರದ್ದಮ್ಮ?” ಎಂದರು ಪರೀಕ್ಷಕಿ. ಗುಬ್ಬಿ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಮತ್ತೆ ನೋಡಿದಳು. ಹೇಳಿದರೆ ಗುರುಗಳ ಮಾನ ಹೋಗುತ್ತದೆ, ಅವರದೇ ಅಪ್ಪಣೆಯಂತೆ ಅವಳ ಕಾಗದವೂ ಹೋಗುತ್ತದೆ.

“ಹೇಳು ಮಗು,” ಎಂದರು ಮೇಷ್ಟ್ರು. “ಕಂಡಿದ್ದನ್ನ ಹೇಳು ಅಂತ ತಾನೆ ಇಷ್ಟು ದಿನ ನಿನ್ನ ತಲೆ ತಿಂದಿದ್ದು.”

“ನಾಲ್ಕನೇದು ಮೇಡಂ. ನಮ್ಮ ಸರ್‌ದು.”

ಮೇಷ್ಟ್ರು ಎಲ್ಲ ಒಪ್ಪಿಕೊಂಡರು. ದ್ರವ ಪೂರ್ತಿ ಆರಿದೆಯೇ ಎಂದು ಪ್ರತಿ ಕಾಗದವನ್ನೂ ತಾವೇ ಮೂಸಿ ನೋಡುವುದು ಅವರ ಪದ್ಧತಿಯಂತೆ. ನೆಗಡಿಯಲ್ಲಿ ವಾಸನೆ ಹತ್ತದೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಬಗ್ಗುತ್ತ ಬಗ್ಗುತ್ತ ಮುಟ್ಟಿಬಿಟ್ಟಿದ್ದರು. ಹೇಳಲು ನಾಚಿಕೆಯಾಗಿತ್ತು. ಇದನ್ನು ಕೇಳಿ ಅಟೆಂಡರ್, ತಪ್ಪು ತಮ್ಮ ಕಷಾಯದ್ದೆಂದು ಕಣ್ಣೊರೆಸಿಕೊಂಡರು. ಮೇಷ್ಟ್ರು ಅವರ ಬೆನ್ನು ತಟ್ಟಿ, ಕಷಾಯ ಚೆನ್ನಾಗಿತ್ತು ಎಂದು ಸಮಾಧಾನ ಹೇಳಿದರು. ಅದು ಹಸಿ ಸುಳ್ಳು. ಕಷಾಯದ ನೆನಪಿಗೇ ಅವರ ಮುಖ ಹುಳ್ಳಗಾಗಿತ್ತು.

ಅಷ್ಟರಲ್ಲಿ ಪರೀಕ್ಷಕಿ ಮೊದಲ ಕಾಗದದ ಮೇಲೆ ಸ್ಕೇಲು ಹಿಡಿದು ಅಳೆದು ನೋಡಿದ್ದರು.

“ನಿಮ್ಮ ಮೂಗು ಖಾಲಿ ಜಾಗದಲ್ಲಿ ಬಿದ್ದಿದೆ ಸಾರ್. ಎಲೆ ತಂಟೆಗೆ ಹೋಗಿಲ್ಲ. ಸೊನ್ನೆ ನೀವು ಇಟ್ಕೊಳ್ಳಿ, ಇವಳು ಪಾಸು.” ಮತ್ತೆ ಗುಬ್ಬಿಯ ಕಡೆ ತಿರುಗಿ, ಗುರುವಿನ ಮೂಗಾದರೂ ಅದನ್ನು ಸರಿಯಾಗಿ ಗುರುತಿಸಿದವಳಿಗೆ ತಾನು ಕೇಳುವ ಪ್ರಶ್ನೆ ಇನ್ನೇನಿದೆ ಎಂದರು. ಒಂದೇ ಷರತ್ತು: ಪ್ರಬಂಧಕ್ಕೆ ಹಾಕುವ ಚಿತ್ರದಲ್ಲಿ ಮೂಗನ್ನು ಕತ್ತರಿಸಿ ಹಾಕಕೂಡದು.

ಗುಬ್ಬಿಯ ಪ್ರಬಂಧ ಈಗ ಕಾಲೇಜಿನ ಗ್ರಂಥಾಲಯದಲ್ಲಿದೆ. ಮೊದಲ ಚಿತ್ರದ ಕೆಳಗೆ ಹೀಗೆ ಅಚ್ಚಾಗಿದೆ: ‘ಎಡದಿಂದ: ಗೊತ್ತಿರುವ ಅಮೈನೋ ಆಮ್ಲಗಳು, ಎಲೆಯ ಸಾರ, ಮಾರ್ಗದರ್ಶಕರ ಮೂಗು.’ ಪುಟ ಮಗುಚಿದರೆ ಎರಡನೆಯ ಚಿತ್ರ. ಅದರಲ್ಲಿ ಮೂರನೆಯವಳು ನಾನು, ಸ್ವಲ್ಪ ಮಸುಕಾಗಿ.